ಗುಂಗುರು ಕೂದಲು ಒಣಗುತ್ತಲೇ ಕೆದರುತ್ತಿದೆಯಾ? ನಮ್ಮ ಬಿಸಿಲಿಗೆ, ನಮ್ಮ ಬೋರ್ ನೀರಿಗೆ ಹೊಂದುವ ತಲೆಸ್ನಾನದ ಕ್ರಮ

ಒದ್ದೆ ಇದ್ದಾಗ ಸುರುಳಿ ಸುರುಳಿಯಾಗಿ ಚೆಂದ ಕಾಣುವ ಕೂದಲು ಒಣಗಿದ ಅರ್ಧ ಗಂಟೆಗೆ ಹಿಂಜಿದ ಹತ್ತಿಯಾಗಿಬಿಡುತ್ತದೆ. ಕಲಬುರಗಿ, ಯಾದಗಿರಿ, ಬೀದರ್ ಕಡೆಯ ಗುಂಗುರು ಕೂದಲಿನವರು ನನ್ನ ಮುಂದೆ ಹೇಳಿಕೊಳ್ಳುವುದು ಇದೊಂದೇ. "ಶಾಂಪೂ ಬದಲಿ ಮಾಡಿದೆ, ಸೀರಮ್ ಬದಲಿ ಮಾಡಿದೆ, ವಿಡಿಯೋದಾಗ ಹೇಳಿದಂಗೇ ಮಾಡೀನಿ ಅಕ್ಕಾ, ಆದ್ರೂ ಗುಬ್ಬಿ ಗೂಡೇ ಆಗ್ತದ."

ಏನೇನು ಮಾಡಿದಿರಿ, ಯಾವುದರ ನಂತರ ಯಾವುದು ಅಂತ ಕೇಳುತ್ತಾ ಹೋದರೆ ಬಾಟಲಿಯ ತಪ್ಪು ಸಿಗುವುದು ಅಪರೂಪ. ಒಂದೋ ಬಕೆಟ್ಟಿನ ನೀರು ಗಡಸಾಗಿರುತ್ತದೆ, ಇಲ್ಲವೇ ಜೆಲ್ ಹಚ್ಚುವ ಹೊತ್ತಿಗೆ ಕೂದಲು ಅರ್ಧ ಒಣಗಿರುತ್ತದೆ. ಹೆಚ್ಚಿನವರಿಗೆ ಎರಡೂ. ಆ ವಿಡಿಯೋ ಮಾಡಿದವರ ಊರಿನಲ್ಲಿ ಮೇ ತಿಂಗಳಿಗೆ 42 ಡಿಗ್ರಿ ಬಿಸಿಲು ಇರುವುದಿಲ್ಲ, ಅಲ್ವಾ?

ಕಾರಣ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಕೂದಲಿನ ಹೊರಪದರ ಮನೆ ಮೇಲಿನ ಹೆಂಚಿನ ಹಾಗೆ ಒಂದರ ಮೇಲೊಂದು ಕೂತಿರುತ್ತದೆ. ನೆತ್ತಿಯಲ್ಲಿ ಹುಟ್ಟುವ ಎಣ್ಣೆಯಂಶ ನೇರ ಕೂದಲಿನಲ್ಲಿ ಸಲೀಸಾಗಿ ಕೆಳಗಿಳಿಯುತ್ತದೆ. ಗುಂಗುರಿನಲ್ಲಿ ತಿರುವು ಜಾಸ್ತಿ, ತುದಿಯವರೆಗೆ ತಲುಪುವುದೇ ಇಲ್ಲ. ಒಣಗಿ ಹೆಂಚು ಎದ್ದ ಕೂದಲು ಗಾಳಿಯ ತೇವ ಕುಡಿದು ಉಬ್ಬುತ್ತದೆ. ಅದೇ ಕೆದರುವುದು. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ. ಹಿಂದೆ ಮುಂದೆ ಮಾಡಿದರೆ ಫಲ ಸಿಗುವುದಿಲ್ಲ.

## ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದದ್ದು

ಅಗಲ ಹಲ್ಲಿನ ಹಣಿಗೆ ಒಂದು. ಹಳೆಯ ಕಾಟನ್ ಟೀ-ಶರ್ಟ್ ಅಥವಾ ಬನಿಯನ್ ಒಂದು. ಕೂದಲು ಭಾಗ ಮಾಡಲು ನಾಲ್ಕು ದೊಡ್ಡ ಕ್ಲಿಪ್. ನೀರು ಸಿಂಪಡಿಸುವ ಬಾಟಲಿ. ಸಲ್ಫೇಟ್ (ಜೋರಾಗಿ ನೊರೆ ಬರಿಸುವ ರಾಸಾಯನಿಕ) ಇಲ್ಲದ ಮೆದು ಶಾಂಪೂ, ಸಾದಾ ಕಂಡಿಷನರ್, ಮತ್ತು ಕಿರಾಣಿ ಅಂಗಡಿಯಿಂದ ಕಾಲು ಕೆಜಿ ಅಗಸಿ. ಹೌದು, ಹಿಂಡಿ ಮಾಡುವ ಅದೇ ಅಗಸಿ.

ಟರ್ಕಿ ಟವೆಲ್, ಗುಂಡು ಬ್ರಷ್, ಸಣ್ಣ ಹಲ್ಲಿನ ಹಣಿಗೆ ಮೂರನ್ನೂ ಬಚ್ಚಲಿನಿಂದ ಹೊರಗಿಡಿ. ಎದುರಿಗಿದ್ದರೆ ಕೈ ತಾನಾಗಿ ಅತ್ತ ಹೋಗುತ್ತದೆ. ಕೂದಲು ಎಷ್ಟು ನೀರು ಹೀರುತ್ತದೆ ಅಂತ ತಿಳಿಯಲು ಗ್ಲಾಸಿನ ನೀರಿನಲ್ಲಿ ಒಂದು ಕೂದಲು ಹಾಕಿ ಮುಳುಗುತ್ತಾ ತೇಲುತ್ತಾ ಅಂತ ನೋಡುವ ಪರೀಕ್ಷೆಯನ್ನೂ ಬಿಟ್ಟುಬಿಡಿ. ಕೂದಲಿನ ಮೇಲೆ ಚೂರು ಎಣ್ಣೆ ಇದ್ದರೂ ತೇಲುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ.

## ಹಂತ 1: ಬಕೆಟ್ಟಿನ ನೀರು ಪರೀಕ್ಷಿಸಿ

ಇದನ್ನು ಎಲ್ಲರೂ ಬಿಡುತ್ತಾರೆ. ಅದಕ್ಕೇ ಮೊದಲು ಇಟ್ಟಿದ್ದೇನೆ.

ಎರಡು ಖಾಲಿ ನೀರಿನ ಬಾಟಲಿ ತೆಗೆದುಕೊಳ್ಳಿ. ಒಂದರಲ್ಲಿ ಮೂರನೇ ಒಂದು ಭಾಗ ಬೋರ್ ನೀರು, ಇನ್ನೊಂದರಲ್ಲಿ ಅಷ್ಟೇ ಆರ್‌ಓ ನೀರು. ಎರಡಕ್ಕೂ ಕಡಲೆಬೇಳೆಯಷ್ಟು ಮೈ ಸಾಬೂನು ಕೆರೆದು ಹಾಕಿ, ಮುಚ್ಚಳ ಬಿಗಿದು, ಜೋರಾಗಿ ಕುಲುಕಿ. ಆರ್‌ಓ ಬಾಟಲಿಯಲ್ಲಿ ನೊರೆ ಮೇಲೆ ದಪ್ಪಗೆ ನಿಲ್ಲುತ್ತದೆ, ಕೆಳಗಿನ ನೀರು ಸಾಕಷ್ಟು ತಿಳಿ ಇರುತ್ತದೆ. ಬೋರ್ ನೀರು ಗಡಸಾಗಿದ್ದರೆ ನೊರೆ ಏಳುವುದೇ ಇಲ್ಲ. ನೀರು ನೀರುಮಜ್ಜಿಗೆಯ ಬಣ್ಣಕ್ಕೆ ತಿರುಗಿ, ಬಾಟಲಿಯ ಒಳಗೋಡೆಗೆ ಬಿಳಿ ಚೂರು ಅಂಟುತ್ತದೆ. ಅದನ್ನು ಬೆರಳಿಗೆ ತೆಗೆದು ಉಜ್ಜಿ ನೋಡಿ, ಜಿಗುಟಾಗಿರುತ್ತದೆ. ಸಾಬೂನು ಹಚ್ಚಿ ತಲೆ ತೊಳೆಯುವವರ ಕೂದಲಿಗೆ ಪ್ರತಿ ವಾರ ಅಂಟುತ್ತಿರುವುದು ಅದೇ.

ಶಾಂಪೂದಲ್ಲಿ ಈ ಜಿಗುಟು ಇಷ್ಟಾಗುವುದಿಲ್ಲ. ಆದರೆ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಆಗಲೂ ಕೂದಲ ಮೇಲೆ ಕೂರುತ್ತವೆ. ನೀರು ಕಾಯಿಸುವ ಹೀಟರ್ ರಾಡಿಗೆ ಸುಣ್ಣದ ಹಾಗೆ ಬಿಳಿ ಕವಚ ಬಂದಿದ್ದರೆ, ಬಕೆಟ್ಟಿನ ಅಂಚಿಗೆ ಬಿಳಿ ಗೆರೆ ಇದ್ದರೆ ಬಾಟಲಿ ಪರೀಕ್ಷೆ ಬೇಕಾಗಿಯೇ ಇಲ್ಲ.

ಏನು ಮಾಡಬಹುದು? ನಳ ಬರುವ ದಿನ ತಲೆಸ್ನಾನ ಇಟ್ಟುಕೊಳ್ಳಿ. ನದಿಯ ನೀರು ಸಾಮಾನ್ಯವಾಗಿ ಬೋರ್ ನೀರಿಗಿಂತ ಮೆದು. ನಳವೇ ಇಲ್ಲದಿದ್ದರೆ ಶಾಂಪೂ ತೊಳೆಯುವುದೆಲ್ಲ ಬೋರ್ ನೀರಿನಲ್ಲೇ ಆಗಲಿ. ಕೊನೆಯ ಮೂರು ಲೀಟರ್ ಮಾತ್ರ ಕುಡಿಯುವ ನೀರಿನ ಕ್ಯಾನಿನಿಂದ ತೆಗೆದುಕೊಳ್ಳಿ. ಕೂದಲು ಒಣಗುವಾಗ ಅದರ ಮೇಲೆ ಉಳಿಯುವುದು ಕೊನೆಯ ನೀರು. ಹಾಗಾಗಿ ಪೂರ್ತಿ ಕ್ಯಾನ್ ಸುರಿಯುವ ಅಗತ್ಯ ಇಲ್ಲ.

ನೀರು ಕುದಿಸಿದರೆ ಸಾಕಾ ಅಂತ ಕೇಳುತ್ತಾರೆ. ಗಡಸುತನದ ಒಂದು ಭಾಗ ಕುದಿಸಿದಾಗ ಬಿಳಿ ಪುಡಿಯಾಗಿ ತಳಕ್ಕೆ ಕೂರುತ್ತದೆ, ಇನ್ನೊಂದು ಭಾಗ ಎಷ್ಟು ಕುದಿಸಿದರೂ ಹೋಗುವುದಿಲ್ಲ. ಕುದಿಸಿದರೆ ಆರಿಸಿ, ತಳ ಕಲಕದೆ ಮೇಲಿನ ನೀರು ಮಾತ್ರ ಬಸಿದುಕೊಳ್ಳಿ.

ಈಗಾಗಲೇ ಕೂತ ಲವಣ ತೆಗೆಯಲು ತಿಂಗಳಿಗೆ ಒಂದು ಸಲ ಗಡಸು ನೀರಿಗೆಂದೇ ಮಾಡಿದ ಕ್ಲ್ಯಾರಿಫೈಯಿಂಗ್ ಶಾಂಪೂ ಬಳಸಿ. ಅದು ಸಿಗದಿದ್ದರೆ ಒಂದು ಲೀಟರ್ ನೀರಿಗೆ ಎರಡು ಟೀ ಚಮಚ ಸೋಸಿದ ನಿಂಬೆ ರಸ. ಶಾಂಪೂ ಆದ ಮೇಲೆ ಸುರಿದು, ಒಂದು ನಿಮಿಷ ಬಿಟ್ಟು, ಪೂರ್ತಿ ತೊಳೆಯಿರಿ.

ಪೂರ್ತಿ ತೊಳೆಯಿರಿ ಅಂದದ್ದಕ್ಕೆ ಕಾರಣ ನನ್ನ ಹಣೆ. ಕಾಲೇಜಿನಲ್ಲಿದ್ದಾಗ ಅರ್ಧ ನಿಂಬೆಹಣ್ಣು ಸೀದಾ ತಲೆಗೆ ಉಜ್ಜಿ, ಕೂದಲು ಒಣಗಲಿ ಅಂತ ಏಪ್ರಿಲ್ ಬಿಸಿಲಿನಲ್ಲಿ ಮಾಳಿಗೆ ಮೇಲೆ ಕೂತಿದ್ದೆ. ಎರಡು ದಿನಕ್ಕೆ ಹಣೆ ಕೆಂಪಾಗಿ ಉರಿಯಿತು. ಆಮೇಲೆ ರಸ ಹರಿದ ಗೆರೆಯುದ್ದಕ್ಕೂ ಕಂದು ಕಲೆ. ಹೋಗಲು ತಿಂಗಳುಗಳೇ ಹಿಡಿದವು. ನಿಂಬೆ ರಸ ಚರ್ಮದ ಮೇಲೆ ಇದ್ದಾಗ ಬಿಸಿಲು ಬಿದ್ದರೆ ಸುಟ್ಟ ಹಾಗೆ ಆಗುತ್ತದೆ ಅಂತ ನನಗೆ ಆಗ ಗೊತ್ತಿರಲಿಲ್ಲ. ಇನ್ನು ಅಡುಗೆ ಸೋಡಾ ಹಾಕಿ ತೊಳೆಯುವ ಸಲಹೆಯಂತೂ ಬೇಡವೇ ಬೇಡ. ಸೋಡಾ ತಾಗಿದರೆ ಆ ಹೆಂಚುಗಳು ಇನ್ನಷ್ಟು ಏಳುತ್ತವೆ.

## ಹಂತ 2: ಎಣ್ಣೆ ಸ್ನಾನಕ್ಕೆ ಮೊದಲು, ಅಳತೆಯಲ್ಲಿ

ಕೊಬ್ಬರಿ ಎಣ್ಣೆ ಕೂದಲಿನ ಒಳಗೆ ಇಳಿಯುತ್ತದೆ. ತೊಳೆಯುವಾಗ ಕೂದಲು ನೀರು ಕುಡಿದು ಉಬ್ಬುವುದನ್ನು, ಅದರ ಪ್ರೋಟೀನ್ ಹೋಗುವುದನ್ನು ತಡೆಯುತ್ತದೆ. ಅದಕ್ಕೇ ಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಹಚ್ಚಬೇಕು. ಮಧ್ಯಮ ಉದ್ದದ ಕೂದಲಿಗೆ ಎರಡು ಟೀ ಚಮಚ ಸಾಕು, ಅದರಲ್ಲೂ ಹೆಚ್ಚು ಪಾಲು ತುದಿಗೆ.

ನಮ್ಮ ಅವ್ವನ ಲೆಕ್ಕ ಬೇರೆ. ಕಿವಿ ಹಿಂದೆ ಎಣ್ಣೆ ಇಳಿಯದಿದ್ದರೆ ಆಕೆಗೆ ಸಮಾಧಾನ ಇಲ್ಲ. "ಎಣ್ಣಿ ಕುಡೀಲಿ ಬಿಡು ಬೇ, ತೆಲಿ ತಂಪಾಗ್ತದ." ತಂಪಾಗುತ್ತದೋ ಏನೋ, ಆದರೆ ಅಷ್ಟು ಎಣ್ಣೆ ತೆಗೆಯಲು ಮೂರು ಸಲ ಶಾಂಪೂ ಹಾಕಬೇಕು. ಅಲ್ಲಿಗೆ ಕೂದಲು ಮೊದಲಿಗಿಂತ ಒಣಗಿರುತ್ತದೆ. ನೆತ್ತಿಯಲ್ಲಿ ಹೊಟ್ಟು ಇದ್ದವರು ನೆತ್ತಿಗೆ ಎಣ್ಣೆ ಹಚ್ಚಬೇಡಿ, ಕೆಲವು ಬಗೆಯ ಹೊಟ್ಟು ಎಣ್ಣೆಯಿಂದ ಜಾಸ್ತಿಯಾಗುತ್ತದೆ.

## ಹಂತ 3: ಶಾಂಪೂ ನೆತ್ತಿಗೆ ಮಾತ್ರ

ವಾರಕ್ಕೆ ಒಂದು ಸಲ, ಬೇಸಿಗೆಯಲ್ಲಿ ಬೆವರು ಜಾಸ್ತಿ ಇದ್ದರೆ ಎರಡು ಸಲ. ಶಾಂಪೂವನ್ನು ಮಗ್ಗಿನಲ್ಲಿ ನೀರು ಬೆರೆಸಿ, ಬೆರಳ ತುದಿಯಿಂದ ನೆತ್ತಿಗೆ ಹಚ್ಚಿ. ಉಗುರು ಬೇಡ. ಕೂದಲನ್ನು ತಲೆ ಮೇಲೆ ಗುಡ್ಡೆ ಹಾಕಿ ಬಟ್ಟೆ ಒಗೆದಂತೆ ತಿಕ್ಕಬೇಡಿ. ನೊರೆ ಇಳಿದು ಹೋಗುವಾಗಲೇ ಉದ್ದ ಕೂದಲು ತೊಳೆದುಕೊಳ್ಳುತ್ತದೆ.

ಸೀಗೆಕಾಯಿ ಬಳಸುವವರು ಪುಡಿಯನ್ನು ಸೀದಾ ಹಚ್ಚಬೇಡಿ. ಗುಂಗುರಿನ ಒಳಗೆ ಸಿಕ್ಕ ಪುಡಿ ಎರಡು ದಿನ ಉದುರುತ್ತಲೇ ಇರುತ್ತದೆ. ನೀರಿನಲ್ಲಿ ಕುದಿಸಿ, ತೆಳು ಬಟ್ಟೆಯಲ್ಲಿ ಸೋಸಿದ ನೀರು ಮಾತ್ರ ಬಳಸಿ.

## ಹಂತ 4: ಸಿಕ್ಕು ಬಿಡಿಸುವುದು ಕಂಡಿಷನರ್ ಇದ್ದಾಗಲೇ

ಒಣ ಗುಂಗುರು ಕೂದಲಿಗೆ ಹಣಿಗೆ ಹಾಕುವುದು ಇವತ್ತಿಗೆ ಬಂದ್. ಈ ಬರಹದಲ್ಲಿ ಒಂದೇ ಸಾಲು ನೆನಪಿಡುವುದಿದ್ದರೆ ಇದನ್ನು ಇಟ್ಟುಕೊಳ್ಳಿ.

ನೀರು ಹಿಂಡಿ ತೆಗೆಯದೆ, ತೊಟ್ಟಿಕ್ಕುವ ಕೂದಲನ್ನು ನಾಲ್ಕು ಭಾಗ ಮಾಡಿ ಕ್ಲಿಪ್ ಹಾಕಿ. ಒಂದೊಂದು ಭಾಗಕ್ಕೂ ಕಂಡಿಷನರ್ ಹಚ್ಚಿ. ಕಿವಿಯ ಮಟ್ಟದಿಂದ ಕೆಳಗೆ ಧಾರಾಳ, ನೆತ್ತಿಗೆ ಬೇಡ. ಮೊದಲು ಬೆರಳಿನಿಂದ ದೊಡ್ಡ ಗಂಟು ಬಿಡಿಸಿ. ಆಮೇಲೆ ಅಗಲ ಹಲ್ಲಿನ ಹಣಿಗೆಯನ್ನು ತುದಿಯಿಂದ ಶುರು ಮಾಡಿ. ತುದಿಯ ನಾಲ್ಕು ಬೆರಳು ಬಿಟ್ಟಿತೇ? ಅದರ ಮೇಲಿನ ನಾಲ್ಕು ಬೆರಳು. ಹೀಗೆ ಏಣಿ ಹತ್ತಿದ ಹಾಗೆ ಬುಡದವರೆಗೆ. ಬುಡದಿಂದ ಎಳೆದರೆ ಸಣ್ಣ ಸಿಕ್ಕುಗಳೆಲ್ಲ ಕೆಳಗೆ ಬಂದು ಒಂದೇ ದೊಡ್ಡ ಗಂಟಾಗುತ್ತವೆ. ಕೊನೆಗೆ ಕತ್ತರಿಯೇ ಗತಿ. ಒದ್ದೆ ಕೂದಲು ಬೇಗ ಹಿಗ್ಗಿ ತುಂಡಾಗುತ್ತದೆ ಅನ್ನುವುದೂ ನೆನಪಿರಲಿ. ಕಂಡಿಷನರ್‌ನ ಜಾರು ಇದ್ದರೆ ಮಾತ್ರ ಒದ್ದೆಯಲ್ಲಿ ಬಾಚಬಹುದು.

ಸಿಕ್ಕು ಬಿಟ್ಟ ಮೇಲೆ ಒಂದು ಮಗ್ ನೀರು ಹಾಕಿ, ತಲೆ ಬಗ್ಗಿಸಿ, ಕೂದಲನ್ನು ಅಂಗೈಯಲ್ಲಿ ತುದಿಯಿಂದ ಮೇಲಕ್ಕೆ ಹಿಸುಕಿ. ಪಚಕ್ ಪಚಕ್ ಅಂತ ಸದ್ದು ಬರಬೇಕು. ಸದ್ದು ಬರದಿದ್ದರೆ ನೀರು ಕಡಿಮೆ ಇದೆ ಅಂತ ಅರ್ಥ, ಇನ್ನೊಂದು ಮಗ್ ಹಾಕಿ. ಐದು ನಿಮಿಷ ಬಿಟ್ಟು, ಆ ಇಟ್ಟುಕೊಂಡ ಮೂರು ಲೀಟರ್ ಒಳ್ಳೆ ನೀರಿನಲ್ಲಿ ತೊಳೆಯಿರಿ.

ಬಾಚುವಾಗ ಕೈಗೆ ಬಂದ ಕೂದಲು ನೋಡಿ ಹೆದರಬೇಡಿ. ದಿನಕ್ಕೆ 50 ರಿಂದ 100 ಕೂದಲು ಉದುರುವುದು ಸಹಜ. ದಿನಾ ಬಾಚದ ಗುಂಗುರಿನಲ್ಲಿ ಅವು ಒಳಗೇ ಸಿಕ್ಕಿಕೊಂಡು ವಾರಕ್ಕೊಮ್ಮೆ ಒಟ್ಟಿಗೆ ಬರುತ್ತವೆ.

## ಹಂತ 5: ಅಗಸಿ ಜೆಲ್, ಬಚ್ಚಲಿನಲ್ಲಿ ನಿಂತೇ ಹಚ್ಚಬೇಕು

ಜೆಲ್ ಹಿಂದಿನ ದಿನವೇ ಮಾಡಿಟ್ಟುಕೊಳ್ಳಿ. ಕಾಲು ಕಪ್ಪು ಅಗಸಿಗೆ ಎರಡು ಕಪ್ಪು ನೀರು. ಇಡೀ ಹಸಿ ಕಾಳೇ ಬೇಕು. ಹಿಂಡಿಗೆ ಹುರಿದು ಪುಡಿ ಮಾಡಿಟ್ಟದ್ದು ಬೇಡ, ಅದನ್ನು ಸೋಸಲು ಬರುವುದಿಲ್ಲ. ಮಧ್ಯಮ ಉರಿಯಲ್ಲಿ ಇಟ್ಟು ಕೈಯಾಡಿಸುತ್ತಾ ಇರಿ, ಇಲ್ಲದಿದ್ದರೆ ತಳ ಹಿಡಿಯುತ್ತದೆ.

ಐದನೇ ನಿಮಿಷಕ್ಕೆ ಮೇಲೆ ಬಿಳಿ ನೊರೆ ಬರುತ್ತದೆ. ಏಳೆಂಟು ನಿಮಿಷಕ್ಕೆ ನೀರು ದಪ್ಪವಾಗುತ್ತದೆ. ಚಮಚ ಎತ್ತಿ ನೋಡಿ. ಹನಿ ಹನಿಯಾಗಿ ಬಿದ್ದರೆ ಇನ್ನೂ ಆಗಿಲ್ಲ. ಮೊಟ್ಟೆಯ ಬಿಳಿಭಾಗದ ಹಾಗೆ ಎಳೆ ಎಳೆಯಾಗಿ ಜಗ್ಗಿ ಇಳಿದರೆ ಆ ಕ್ಷಣವೇ ಒಲೆ ಆರಿಸಿ. ಇನ್ನೆರಡು ನಿಮಿಷ ಬಿಟ್ಟರೆ ಲೋಳೆ ಕಾಳಿಗೆ ಅಂಟಿಕೊಂಡು ಎಷ್ಟು ಹಿಂಡಿದರೂ ಬಿಡುವುದಿಲ್ಲ. ನನ್ನ ಮೊದಲ ಎರಡು ಪಾತ್ರೆ ಅಗಸಿ ಹೀಗೇ ಹಾಳಾಯಿತು. ಬಿಸಿ ಇರುವಾಗಲೇ ಸಾಣಿಗೆಯಲ್ಲಿ ಅಥವಾ ಹಳೆಯ ತೆಳು ಓಢಣಿಯ ತುಂಡಿನಲ್ಲಿ ಸೋಸಿ. ಕೈ ಸುಟ್ಟುಕೊಳ್ಳಬೇಡಿ, ಬಟ್ಟೆಯನ್ನು ಇಕ್ಕಳದಿಂದ ಹಿಡಿದು ಒತ್ತಿ. ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ. ಹುಳಿ ವಾಸನೆ ಬಂದರೆ ಚೆಲ್ಲಿ.

ಈಗ ಎಲ್ಲರೂ ಎಡವುವ ಜಾಗ. ನಮ್ಮ ಕಡೆ ಬೇಸಿಗೆಯಲ್ಲಿ ಬಚ್ಚಲಿನಿಂದ ಕೋಣೆಯ ಕನ್ನಡಿಗೆ ಬಂದು, ಬಟ್ಟೆ ಹಾಕಿಕೊಂಡು, ಜೆಲ್ ಡಬ್ಬಿ ಹುಡುಕುವಷ್ಟರಲ್ಲಿ ಹೊರಗಿನ ಕೂದಲು ಒಣಗಿಯೇ ಬಿಟ್ಟಿರುತ್ತದೆ. ಒಣಗಿದ ಮೇಲೆ ಹಚ್ಚಿದ ಜೆಲ್ ಕೆದರಿದ ಕೂದಲನ್ನು ಕೆದರಿದ ಆಕಾರದಲ್ಲೇ ಹಿಡಿಯುತ್ತದೆ. ಹಾಗಾಗಿ ಡಬ್ಬಿ ಬಚ್ಚಲಿನಲ್ಲೇ ಇರಲಿ. ಕೊನೆಯ ಮಗ್ ನೀರು ಸುರಿದ ತಕ್ಷಣ, ಕೂದಲಿನಿಂದ ನೀರು ಸೋರುತ್ತಿರುವಾಗಲೇ, ಎರಡೂ ಅಂಗೈಗೆ ಜೆಲ್ ಹಚ್ಚಿಕೊಂಡು ಒಂದೊಂದು ಜಡೆಯಷ್ಟು ಕೂದಲನ್ನು ಅಂಗೈಗಳ ನಡುವೆ ಮೇಲಿಂದ ಕೆಳಗೆ ಸವರಿ. ಆಮೇಲೆ ತಲೆ ಬಗ್ಗಿಸಿ ತುದಿಯಿಂದ ಮೇಲಕ್ಕೆ ಹಿಸುಕಿ. ಸುರುಳಿ ಗುಂಪು ಗುಂಪಾಗಿ ಕೂಡುವುದು ಕಾಣುತ್ತದೆ.

ಅಂಗಡಿಯ ಜೆಲ್ ಇದ್ದರೂ ಕ್ರಮ ಇದೇ.

## ಹಂತ 6: ಒಣಗಿಸುವಾಗ ಕೈ ಕಟ್ಟಿ ಕೂರಿ

ಟೀ-ಶರ್ಟನ್ನು ಹಾಸಿಗೆ ಮೇಲೆ ಹರವಿ, ತಲೆ ಬಗ್ಗಿಸಿ ಕೂದಲನ್ನು ಅದರ ಮೇಲೆ ಇಳಿಬಿಟ್ಟು, ತೋಳುಗಳನ್ನು ತಲೆಗೆ ಕಟ್ಟಿ. ಹತ್ತು ನಿಮಿಷ ಸಾಕು. ತಿಕ್ಕಬೇಡಿ, ಟವೆಲ್‌ನಿಂದ ಪಟಪಟ ಹೊಡೆಯಬೇಡಿ.

ಆಮೇಲೆ ನೆರಳಿನಲ್ಲಿ ಕೂರಿ. ಸೀಲಿಂಗ್ ಫ್ಯಾನಿನ ಕೆಳಗೆ ಬೇಡ, ಮೇಲಿನಿಂದ ಬೀಸುವ ಗಾಳಿ ಒಂದೊಂದು ಎಳೆಯನ್ನೂ ಬೇರೆ ಮಾಡುತ್ತದೆ. ಕೂಲರ್ ಎದುರು ಅಂತೂ ಕೂರಲೇಬೇಡಿ. ಅದು ಊದುವುದು ತೇವದ ಗಾಳಿ, ಕೂದಲು ಒಣಗುವುದೂ ಇಲ್ಲ, ಉಬ್ಬುವುದೂ ತಪ್ಪುವುದಿಲ್ಲ. ಡ್ರೈಯರ್ ಇದ್ದರೆ ಬುಟ್ಟಿಯಂಥ ಡಿಫ್ಯೂಸರ್ ಹಾಕಿ ಕಡಿಮೆ ಬಿಸಿಯಲ್ಲಿ ಹಿಡಿಯಬಹುದು.

ಜೆಲ್ ಒಣಗುತ್ತಾ ಕೂದಲು ಹಪ್ಪಳದ ಹಾಗೆ ಗರಿಗರಿಯಾಗುತ್ತದೆ. ಹೆದರಿ ಹಣಿಗೆ ಹಾಕುವವರು, ಮತ್ತೆ ತೊಳೆಯುವವರು ಇಲ್ಲೇ ಸೋಲುತ್ತಾರೆ. ಆ ಗರಿ ಪದರ ಇರಬೇಕಾದದ್ದೇ. ಸುರುಳಿ ಒಣಗುವವರೆಗೆ ಅದನ್ನು ಹಿಡಿದಿಟ್ಟಿರುವುದು ಅದು. ಬುಡದಲ್ಲೂ ತೇವ ಇಲ್ಲ ಅಂತ ಮುಟ್ಟಿ ಖಾತ್ರಿ ಮಾಡಿಕೊಂಡು, ಅಂಗೈಗೆ ಎರಡೇ ಹನಿ ಕೊಬ್ಬರಿ ಎಣ್ಣೆ ಸವರಿಕೊಂಡು, ಕೂದಲನ್ನು ಮೆಲ್ಲಗೆ ಹಿಸುಕಿ. ಪದರ ಮುರಿದು ಕೂದಲು ಮೆತ್ತಗಾಗುತ್ತದೆ. ಬಿಳಿ ಪುಡಿ ಉದುರಿದರೆ ಜೆಲ್ ಜಾಸ್ತಿಯಾಗಿದೆ, ಮುಂದಿನ ಸಲ ಅರ್ಧ ಹಚ್ಚಿ.

## ಹಂತ 7: ರಾತ್ರಿ ಮತ್ತು ಮರುದಿನ

ಕಾಟನ್ ದಿಂಬಿನ ಮೇಲೆ ಹೊರಳಾಡಿದರೆ ಬೆಳಿಗ್ಗೆ ಕೂದಲು ಎದ್ದಿರುತ್ತದೆ. ಬಟ್ಟೆ ಅಂಗಡಿಯಲ್ಲಿ ಒಂದು ಮೀಟರ್ ಸ್ಯಾಟಿನ್ ತಂದು ದಿಂಬಿನ ಚೀಲ ಹೊಲಿಸಿಕೊಳ್ಳಿ. ಕೂದಲನ್ನು ನೆತ್ತಿಯ ಮೇಲೆ ಸಡಿಲವಾಗಿ, ಬಟ್ಟೆ ಸುತ್ತಿದ ರಬ್ಬರಿನಿಂದ ಕಟ್ಟಿ ಮಲಗಿ.

ಗಾಡಿ ಮೇಲೆ ಹೋಗುವಾಗ ಧೂಳಿಗೆ ಓಢಣಿ ಸುತ್ತುತ್ತೀರಲ್ಲ, ಅದರ ಒಳಗೆ ಅದೇ ಸ್ಯಾಟಿನ್ನಿನ ಉಳಿದ ತುಂಡು ಇರಲಿ. ಅದರ ಮೇಲೆ ಹೆಲ್ಮೆಟ್.

ಮರುದಿನ ಎದ್ದ ಜಾಗಕ್ಕೆ ಮಾತ್ರ ನೀರು ಸಿಂಪಡಿಸಿ, ಬೆರಳಿಗೆ ಸುತ್ತಿ ಬಿಡಿ. ಪೂರ್ತಿ ಬಾಚಲು ಹೋದರೆ ನಿನ್ನೆಯ ಕೆಲಸ ಎಲ್ಲ ಹೋಯಿತು.

ಮಳೆಗಾಲದಲ್ಲಿ ಗ್ಲಿಸರಿನ್ ಇರುವ ಕ್ರೀಮು ಕಡಿಮೆ ಮಾಡಿ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಬೀದರಿನ ಚಳಿಗಾಲದ ಒಣ ಗಾಳಿಗೆ ಕಂಡಿಷನರ್ ಸ್ವಲ್ಪ ಜಾಸ್ತಿ ಬೇಕಾಗುತ್ತದೆ, ಅಷ್ಟೇ.

## ಶಾಲೆಗೆ ಹೋಗುವ ಹುಡುಗಿಯರ ಜಡೆ

ಬೆಳಿಗ್ಗೆ ಎಂಟಕ್ಕೆ ಒಣ ಕೂದಲಿಗೆ ಹಣಿಗೆ ಹಾಕಿ, ಮಗು ಅಳುತ್ತಾ, ತಾಯಿ ಬೈಯುತ್ತಾ ರಿಬ್ಬನ್ ಕಟ್ಟುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ಭಾನುವಾರ ಕಂಡಿಷನರ್ ಹಚ್ಚಿ ಸಿಕ್ಕು ಬಿಡಿಸಿ. ವಾರದ ದಿನ ರಾತ್ರಿಯೇ ನೀರು ಸಿಂಪಡಿಸಿ, ಒಂದು ಹನಿ ಎಣ್ಣೆ ಹಚ್ಚಿ, ಬೆರಳಿನಿಂದ ಬಿಡಿಸಿ ಸಡಿಲ ಜಡೆ ಹಾಕಿಬಿಡಿ. ಬೆಳಿಗ್ಗೆ ರಿಬ್ಬನ್ ಕಟ್ಟಿದರೆ ಆಯಿತು. ಹಣೆಯ ಚರ್ಮ ಮೇಲಕ್ಕೆ ಎಳೆಯುವಷ್ಟು ಬಿಗಿ ಬೇಡ. ವರ್ಷಗಟ್ಟಲೆ ಬಿಗಿದು ಕಟ್ಟಿದರೆ ಹಣೆಯಂಚಿನ ಕೂದಲು ಮತ್ತೆ ಬಾರದಂತೆ ಹೋಗಬಹುದು. ಹೇನು ತೆಗೆಯುವ ಹಣಿಗೆ ಹಾಕುವುದಿದ್ದರೂ ಕಂಡಿಷನರ್ ಹಚ್ಚಿಯೇ ಹಾಕಿ.

## ಎಚ್ಚರಿಕೆಯ ಲಕ್ಷಣಗಳು

ಈ ಕ್ರಮದ ಫಲ ಗೊತ್ತಾಗಲು ನಾಲ್ಕರಿಂದ ಆರು ವಾರ ಕೊಡಿ. ಅಷ್ಟರೊಳಗೆ ಕೂದಲು ಮೇಣ ಹಚ್ಚಿದ ಹಾಗೆ ಅಂಟಾಗಿ, ನೀರು ಹಾಕಿದರೂ ಬೇಗ ನೆನೆಯದಿದ್ದರೆ ಏನೋ ಕೂತಿದೆ ಅಂತ ಅರ್ಥ. ಕ್ಲ್ಯಾರಿಫೈಯಿಂಗ್ ಶಾಂಪೂ ಒಂದು ಸಲ ಹಾಕಿ. ಎಳೆದರೆ ರಬ್ಬರಿನಂತೆ ಹಿಗ್ಗಿ ತುಂಡಾದರೆ ಬಣ್ಣ, ಬಿಸಿ ಇಸ್ತ್ರಿ ಎರಡನ್ನೂ ನಿಲ್ಲಿಸಿ. ತುದಿ ಸೀಳಿದ್ದರೆ ಯಾವ ಎಣ್ಣೆಯೂ ಅಂಟಿಸುವುದಿಲ್ಲ, ಕತ್ತರಿಸಬೇಕು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಚಿಂತೆ ಬೇಡ.

ಬೇಸತ್ತು ಸ್ಮೂದನಿಂಗ್ (ದ್ರಾವಣ ಹಚ್ಚಿ, ಬಿಸಿ ಕೊಟ್ಟು ಕೂದಲು ನೇರ ಮಾಡುವುದು) ಮಾಡಿಸಲು ಹೊರಟವರಿಗೆ ಒಂದು ಮಾತು. ಕೆಲವು ದ್ರಾವಣಗಳು ಬಿಸಿಯಾದಾಗ ಫಾರ್ಮಾಲ್ಡಿಹೈಡ್ ಅನ್ನುವ ವಿಷಾನಿಲ ಬಿಡುತ್ತವೆ. ಗ್ಲೈಆಕ್ಸಿಲಿಕ್ ಆಮ್ಲ ಇರುವ ದ್ರಾವಣದಿಂದ ಮೂತ್ರಪಿಂಡಕ್ಕೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಡಬ್ಬಿಯ ಹಿಂದಿನ ಪಟ್ಟಿ ತೋರಿಸಿ ಅಂತ ಕೇಳಿ. ತೋರಿಸದಿದ್ದರೆ ಎದ್ದು ಬನ್ನಿ. ಹಚ್ಚುವಾಗ ಕಣ್ಣು, ಗಂಟಲು ಉರಿದರೆ ಅಲ್ಲಿಗೇ ತೊಳೆಸಿಬಿಡಿ.

ನಾಣ್ಯದಷ್ಟು ಜಾಗದಲ್ಲಿ ಕೂದಲು ಪೂರ್ತಿ ಉದುರಿದರೆ, ನೆತ್ತಿಯಲ್ಲಿ ಕೀವು, ದಪ್ಪ ಪೊರೆ, ಬಿಡದ ತುರಿಕೆ ಕಂಡರೆ, ಇದ್ದಕ್ಕಿದ್ದಂತೆ ಹಿಡಿ ಹಿಡಿ ಕೂದಲು ಬಂದರೆ ಜೆಲ್, ಎಣ್ಣೆ ಎಲ್ಲ ನಿಲ್ಲಿಸಿ ಚರ್ಮದ ಡಾಕ್ಟರ ಹತ್ತಿರ ಹೋಗಿ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್ ಎರಡೂ ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ ಚರ್ಮರೋಗ ವಿಭಾಗ ಇದೆ. ಹೋಗುವಾಗ ಮೂರು ದಿನದಿಂದ ತಲೆಗೆ ಏನೂ ಹಚ್ಚಿರಬಾರದು, ನೆತ್ತಿ ಸರಿಯಾಗಿ ಕಾಣಬೇಕು. ಬಳಸುತ್ತಿರುವ ಎಲ್ಲ ಬಾಟಲಿಗಳ ಹಿಂಬದಿಯ ಫೋಟೋ ಫೋನಿನಲ್ಲಿ ಇರಲಿ, ಡಾಕ್ಟರು ಕೇಳಿದರೆ ತೋರಿಸಬಹುದು.